ಪಟ್ಟಿಯ ಒಳಗೆ, ಪಟ್ಟಿಯ ಹೊರಗೆ: ದಾದಿಯರ ನೋಂದಣಿ ಕಾಯ್ದೆಗಳು ಮತ್ತು ಸೂಲಗಿತ್ತಿ

2018ರಲ್ಲಿ ಭಾರತ ಸರ್ಕಾರವು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಹಣ ಪಡೆಯದೆ ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿದವರೆಂದು ಅವರ ಹೆಸರು ನಾಡಿನಾದ್ಯಂತ ಪ್ರಸಿದ್ಧವಾಗಿತ್ತು. ತುಮಕೂರು ವಿಶ್ವವಿದ್ಯಾನಿಲಯವು ಅದಕ್ಕೂ ಮೊದಲೇ ಗೌರವ ಡಾಕ್ಟರೇಟ್ ನೀಡಿತ್ತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು. ಅಕ್ಷರ ಕಲಿಯದ, ಅಜ್ಜಿಯಿಂದ ವಿದ್ಯೆ ಕಲಿತ ಈ ಮಹಿಳೆಯನ್ನು ಪ್ರಭುತ್ವವು ಗುರುತಿಸಿದ್ದು ಸಂತೋಷದ ಸಂಗತಿ. ಆದರೆ ಇಲ್ಲೊಂದು ವಿಚಿತ್ರವಿದೆ. ಸೂಲಗಿತ್ತಿಯರ ಹೆಸರುಗಳನ್ನು ದಾಖಲಿಸಲೆಂದೇ ಈ ರಾಜ್ಯದಲ್ಲಿ 1961ರಿಂದ ಒಂದು ಕಾಯ್ದೆಯಿದೆ. ಆ ಕಾಯ್ದೆಯ ಅರ್ಥದಲ್ಲಿ ನರಸಮ್ಮನವರು ಸೂಲಗಿತ್ತಿಯಲ್ಲ. ಪ್ರಶಸ್ತಿಯ ಪಟ್ಟಿಯಲ್ಲಿ ಸ್ಥಾನ ಪಡೆದವರಿಗೆ ವೃತ್ತಿಯ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ಈ ವೈದೃಶ್ಯವನ್ನು ಅನ್ಯಾಯದ ಕಥೆಯೆಂದೋ, ಆಧುನಿಕತೆಯು ಪರಂಪರೆಯನ್ನು ನುಂಗಿದ ಕಥೆಯೆಂದೋ ಸರಳವಾಗಿ ಹೇಳಿ ಮುಗಿಸಬಹುದು. ಜಾನಪದ ಅಧ್ಯಯನಗಳಲ್ಲಿ ಬಹುಮಟ್ಟಿಗೆ ನಡೆದಿರುವುದು ಇದೇ. ಪ್ರಸ್ತುತ ಲೇಖನದ ಉದ್ದೇಶ ಅದಲ್ಲ. ದಾದಿಯರ ಮತ್ತು ಸೂಲಗಿತ್ತಿಯರ ನೋಂದಣಿ ಎಂಬ ಕಲ್ಪನೆ ಯಾರನ್ನು ಕಾಪಾಡಲು ಹುಟ್ಟಿತು, ಅದು ಕನ್ನಡ ನಾಡಿಗೆ ಯಾವ ರೂಪದಲ್ಲಿ ಬಂದಿತು, ಬರುವಾಗ ಏನನ್ನು ಕೈಬಿಟ್ಟಿತು, ಅದರ ಫಲವನ್ನು ಯಾರು ಉಂಡರು ಎಂಬ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

1. ಎರಡು ಪದಗಳು

ಮೊದಲಿಗೆ ಪದಗಳನ್ನು ಗಮನಿಸಬೇಕು. ‘ದಾದಿ’ ಎಂಬುದು ಸಂಸ್ಕೃತದ ‘ಧಾತ್ರಿ’ ಪದದ ತದ್ಭವ. ಹಾಲೂಡಿಸಿ ಸಾಕುವವಳು, ಸಾಕುತಾಯಿ ಎಂಬುದು ಅದರ ಮೂಲಾರ್ಥ. ರಾಜಮನೆತನಗಳ ಕಥೆಗಳಲ್ಲಿ ಬರುವ ದಾದಿ ಈ ಅರ್ಥದವಳು. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ, ತರಬೇತಿ ಪಡೆದ ಮಹಿಳೆ ಎಂಬ ಅರ್ಥ ಈ ಪದಕ್ಕೆ ಬಂದದ್ದು ಆಧುನಿಕ ಆಸ್ಪತ್ರೆಗಳು ಬಂದ ಮೇಲೆ. ‘ನರ್ಸ್’ ಎಂಬ ಇಂಗ್ಲಿಷ್ ಪದವೂ ಹಾಲೂಡಿಸುವವಳು ಎಂಬ ಅರ್ಥದಿಂದಲೇ ಹೊರಟು ಆಸ್ಪತ್ರೆಗೆ ಬಂದು ಸೇರಿದ್ದನ್ನು ನೆನೆದರೆ ಈ ಎರಡು ಪದಗಳ ಪಯಣ ಒಂದೇ ಬಗೆಯದೆಂದು ತಿಳಿಯುತ್ತದೆ.

‘ಸೂಲಗಿತ್ತಿ’ ಅಚ್ಚಗನ್ನಡದ ಪದ. ಸೂಲು ಎಂದರೆ ಹೆರಿಗೆ. ಚೊಚ್ಚಲ ಸೂಲು, ಎರಡನೆಯ ಸೂಲು ಎಂಬ ಬಳಕೆ ಹಳ್ಳಿಗಳಲ್ಲಿ ಇಂದಿಗೂ ಇದೆ. ‘ಗಿತ್ತಿ’ ಎಂಬುದು ಹೂವಾಡಗಿತ್ತಿ, ಒಕ್ಕಲಗಿತ್ತಿ, ಅಗಸಗಿತ್ತಿ ಮೊದಲಾದ ಪದಗಳಲ್ಲಿ ಬರುವ ಪ್ರತ್ಯಯ. ಕಸುಬಿನಿಂದಲೋ ಕುಲದಿಂದಲೋ ಹೆಣ್ಣನ್ನು ಗುರುತಿಸುವ ಪ್ರತ್ಯಯವಿದು. ಅಂದರೆ ಭಾಷೆಯು ಸೂಲಗಿತ್ತಿಯನ್ನು ಒಬ್ಬ ಕಸುಬುದಾರಳೆಂದೇ ಒಪ್ಪಿಕೊಂಡಿದೆ. ಭಾಷೆ ಒಪ್ಪಿಕೊಂಡ ಈ ಕಸುಬನ್ನು ಊರಿನ ಲೆಕ್ಕ ಒಪ್ಪಿಕೊಂಡಿತೇ ಎಂಬುದು ಮುಂದಿನ ಪ್ರಶ್ನೆ.

2. ಊರಿನ ಲೆಕ್ಕದಲ್ಲಿ ಇಲ್ಲದವಳು

ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರೆಂಬುದು ಸುಪರಿಚಿತ ಸಂಗತಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇವರ ಪಟ್ಟಿಯನ್ನು ಕೊಟ್ಟಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಪಂಚಾಂಗಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ ಮುಂತಾದವರು ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದರು. ಊರೂರಿಗೆ ಈ ಪಟ್ಟಿ ಸ್ವಲ್ಪ ಬದಲಾಗುತ್ತಿತ್ತಾದರೂ ಸೂಲಗಿತ್ತಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಕುದುರೆಗೆ ಲಾಳ ಹೊಡೆದವನ, ನೇಗಿಲು ಮಾಡಿದವನ ಪಾಲು ಶಾನುಭೋಗನ ಕಡತದಲ್ಲಿ ದಾಖಲಾಯಿತು. ಕಡತ ಬರೆದ ಶಾನುಭೋಗನನ್ನೇ ಈ ಲೋಕಕ್ಕೆ ಎತ್ತಿಕೊಂಡವಳ ಪಾಲು ದಾಖಲಾಗಲಿಲ್ಲ.

ಆಕೆಗೆ ದೊರೆಯುತ್ತಿದ್ದುದು ಮೊರದಲ್ಲಿ ಇಟ್ಟ ಅಕ್ಕಿ ಅಥವಾ ರಾಗಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ಉಳ್ಳವರ ಮನೆಯಾದರೆ ಸೀರೆ ಕುಪ್ಪಸ. ಇದು ಗೌರವದ ಉಡುಗೊರೆಯಾಗಿತ್ತೇ ಹೊರತು ಕೇಳಿ ಪಡೆಯುವ ಹಕ್ಕಾಗಿರಲಿಲ್ಲ. ಹಲವೆಡೆ ಕ್ಷೌರಿಕ ಸಮುದಾಯದ ಮತ್ತು ದಲಿತ ಸಮುದಾಯಗಳ ಹೆಣ್ಣುಮಕ್ಕಳು ಈ ಕೆಲಸವನ್ನು ಮಾಡುತ್ತಿದ್ದರು. ಹೊಕ್ಕುಳಬಳ್ಳಿ ಕತ್ತರಿಸುವುದು, ಮಾಸನ್ನು ಹೂಳುವುದು, ಪುರುಡಿನ ಬಟ್ಟೆಗಳನ್ನು ಮುಟ್ಟುವುದು ಮೈಲಿಗೆಯೆಂಬ ನಂಬಿಕೆಯೇ ಇದಕ್ಕೆ ಕಾರಣ. ಹೆರಿಗೆಯ ಕೋಣೆಯೊಳಗೆ ಆಕೆ ತಾಯಿಗಿಂತ ಹೆಚ್ಚಿನವಳು. ಪುರುಡು ಕಳೆದ ಮೇಲೆ ಅದೇ ಮನೆಯ ಹೊಸ್ತಿಲಾಚೆ ನಿಲ್ಲಬೇಕಾದವಳು.

ಆದರೂ ಊರು ತನ್ನದೇ ಆದ ರೀತಿಯಲ್ಲಿ ಆಕೆಯನ್ನು ಅಳೆಯುತ್ತಿತ್ತು. ಯಾರ ಕೈಗುಣ ಒಳ್ಳೆಯದು, ಯಾರನ್ನು ಕರೆಯಬಾರದು ಎಂಬ ತಿಳಿವಳಿಕೆ ಹೆಂಗಸರ ನಡುವೆ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಈ ಬಗೆಯ ತಿಳಿವಳಿಕೆಯನ್ನು ಮೌಖಿಕ ನೋಂದಣಿ ಎಂದು ಕರೆಯಬಹುದು. ಅದಕ್ಕೆ ಎರಡು ಗುಣಗಳಿದ್ದವು: ಪರಿಚಯದ ವಲಯದೊಳಗೆ ಅದು ಚುರುಕಾಗಿ ಕೆಲಸ ಮಾಡುತ್ತಿತ್ತು, ಮತ್ತು ಅದನ್ನು ನಡೆಸುತ್ತಿದ್ದವರು ಹೆತ್ತ ಹೆಂಗಸರೇ ಆಗಿದ್ದರು. ಅದಕ್ಕೆ ಎರಡು ದೋಷಗಳೂ ಇದ್ದವು: ಊರ ಗಡಿ ದಾಟಿದರೆ ಅದು ನಿರುಪಯುಕ್ತವಾಗುತ್ತಿತ್ತು, ಮತ್ತು ಸಾವಿನ ಕಾರಣವನ್ನು ಗುರುತಿಸುವ ಶಕ್ತಿ ಅದಕ್ಕೆ ಇರಲಿಲ್ಲ. ಈ ಎರಡನೆಯ ದೋಷವನ್ನು ತುಸು ವಿವರವಾಗಿ ನೋಡಬೇಕಾಗಿದೆ.

3. ಬಾಲಗ್ರಹ ಮತ್ತು ಧನುರ್ವಾಯು

ಹುಟ್ಟಿದ ಮಗು ಮೊದಲ ಒಂದೆರಡು ದಿನ ಚೆನ್ನಾಗಿ ಹಾಲು ಕುಡಿದು, ಬಳಿಕ ಬಾಯಿ ಬಿಗಿದುಕೊಂಡು, ಮೈ ಬಿಲ್ಲಿನಂತೆ ಸೆಟೆದು ಸಾಯುವುದನ್ನು ಹಳ್ಳಿಗರು ಬಾಲಗ್ರಹವೆಂದು ಕರೆದರು. ವೈದ್ಯಶಾಸ್ತ್ರ ಇದನ್ನು ನವಜಾತ ಶಿಶುವಿನ ಧನುರ್ವಾಯು ಎಂದು ಗುರುತಿಸುತ್ತದೆ. ಶುಚಿಯಿಲ್ಲದ ಕುಡುಗೋಲು, ಬಿದಿರಿನ ಸೀಳು ಮುಂತಾದವುಗಳಿಂದ ಹೊಕ್ಕುಳಬಳ್ಳಿ ಕತ್ತರಿಸಿದಾಗ, ಕತ್ತರಿಸಿದ ಜಾಗಕ್ಕೆ ಬೂದಿ ಸಗಣಿ ಹಚ್ಚಿದಾಗ ರೋಗಾಣು ದೇಹವನ್ನು ಸೇರುತ್ತದೆ. ಸಾಮಾನ್ಯವಾಗಿ ಮೂರರಿಂದ ಹದಿನಾಲ್ಕನೆಯ ದಿನದೊಳಗೆ, ಹೆಚ್ಚಾಗಿ ಒಂದು ವಾರದ ಆಸುಪಾಸಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಉತ್ತರ ಕರ್ನಾಟಕದಲ್ಲಿ ಐದನೆಯ ಅಥವಾ ಆರನೆಯ ರಾತ್ರಿ ಸಟವಿಯ ಪೂಜೆ ನಡೆಯುತ್ತದೆ. ಆ ರಾತ್ರಿ ದೇವಿ ಬಂದು ಮಗುವಿನ ಹಣೆಯ ಮೇಲೆ ಆಯುಷ್ಯವನ್ನು ಬರೆಯುತ್ತಾಳೆಂದು ನಂಬಿಕೆ. ಕೆಲವೆಡೆ ಬರೆಯಲು ಅನುಕೂಲವಾಗಲೆಂದು ಹಾಳೆ, ಲೇಖನಿಗಳನ್ನೂ ಇಡುತ್ತಾರೆ. ಈ ಆಚರಣೆಯನ್ನು ಧನುರ್ವಾಯುವಿನ ಕಾಲಾವಧಿಯ ಪಕ್ಕದಲ್ಲಿಟ್ಟು ನೋಡಿದರೆ, ಆ ರಾತ್ರಿಯ ಭಯ ಎಷ್ಟು ನಿಜವಾದುದೆಂದು ಅರಿವಾಗುತ್ತದೆ. ಒಂದು ವಾರ ದಾಟಿದ ಮಗು ಉಳಿಯುತ್ತದೆ ಎಂಬ ಅನುಭವ ಜನರಲ್ಲಿತ್ತು. ಆದರೆ ಅದರ ಕಾರಣವನ್ನು ಅವರು ಕೈಯಲ್ಲಿ ಹುಡುಕದೆ ಹಣೆಯಲ್ಲಿ ಹುಡುಕಿದರು. ತಾಯಂದಿರಿಗೆ ಬರುತ್ತಿದ್ದ ಬಾಣಂತಿ ಸನ್ನಿಯ ವಿಷಯದಲ್ಲಿಯೂ ಹೀಗೆಯೇ. ಗಾಳಿ ಸೋಂಕಿತು, ಪಥ್ಯ ತಪ್ಪಿತು ಎಂದರೇ ಹೊರತು ಒಳಗೆ ಹೋದ ಕೈಯ ಮೇಲೆ ಯಾರೂ ಸಂಶಯಪಡಲಿಲ್ಲ.

ಇದರ ಪರಿಣಾಮವೆಂದರೆ, ಒಳ್ಳೆಯ ಸೂಲಗಿತ್ತಿಗೂ ಅಪಾಯಕಾರಿಯಾದ ಸೂಲಗಿತ್ತಿಗೂ ಇರುವ ಅಂತರವನ್ನು ಸಮುದಾಯವು ಭಾಗಶಃ ಮಾತ್ರ ಕಾಣಬಲ್ಲುದಾಗಿತ್ತು. ಅಡ್ಡಬಿದ್ದ ಮಗುವನ್ನು ತಿರುಗಿಸಬಲ್ಲವಳ ಕೌಶಲ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಆರನೆಯ ದಿನ ಸತ್ತ ಮಗುವಿಗೂ ಮೊದಲ ದಿನದ ಕುಡುಗೋಲಿಗೂ ಇರುವ ನಂಟು ಕಣ್ಣಿಗೆ ಬೀಳುತ್ತಿರಲಿಲ್ಲ. ಸಾರ್ವಜನಿಕರ ರಕ್ಷಣೆಗಾಗಿ ಹೊರಗಿನ ಒಂದು ಮೇಲ್ವಿಚಾರಣೆ ಏಕೆ ಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ನೋಂದಣಿಯನ್ನು ಕೇವಲ ವಸಾಹತುಶಾಹಿಯ ಹೇರಿಕೆಯೆಂದು ತಳ್ಳಿಹಾಕುವವರು ಈ ಮಕ್ಕಳ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

4. ಇಂಗ್ಲೆಂಡಿನ ಮಾದರಿ

ನೋಂದಣಿಯ ಕಲ್ಪನೆ ಬೆಳೆದದ್ದು ಬ್ರಿಟಿಷ್ ಸಾಮ್ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ. ದಕ್ಷಿಣ ಆಫ್ರಿಕಾದ ಕೇಪ್ ವಸಾಹತು 1891ರಲ್ಲಿಯೇ ವೈದ್ಯಕೀಯ ಕಾಯ್ದೆಯೊಂದರ ಮೂಲಕ ದಾದಿಯರ ನೋಂದಣಿಗೆ ಅವಕಾಶ ಕಲ್ಪಿಸಿತು. ದಾದಿಯರಿಗೆಂದೇ ಪ್ರತ್ಯೇಕ ನೋಂದಣಿ ಕಾಯ್ದೆಯನ್ನು 1901ರಲ್ಲಿ ಮಾಡಿದ ಮೊದಲ ದೇಶ ನ್ಯೂಜಿಲೆಂಡ್.

ಇಂಗ್ಲೆಂಡಿನಲ್ಲಿ ಮಾತ್ರ ಇದು ಮೂವತ್ತು ವರ್ಷಗಳ ಹೋರಾಟವಾಯಿತು. 1887ರಲ್ಲಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿದ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಅವರು ನೋಂದಣಿಯ ಪರವಾಗಿ ನಿಂತರು. ಯಾರು ಬೇಕಾದರೂ ದಾದಿಯೆಂದು ಹೇಳಿಕೊಂಡು ರೋಗಿಯ ಮನೆ ಹೊಗಬಹುದಾದ ಸ್ಥಿತಿಯಿಂದ ಜನರನ್ನು ಕಾಪಾಡಬೇಕೆಂಬುದು ಅವರ ವಾದ. ಅಚ್ಚರಿಯ ಸಂಗತಿಯೆಂದರೆ ಆಧುನಿಕ ಶುಶ್ರೂಷೆಯ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಇದನ್ನು ವಿರೋಧಿಸಿದರು. ಪರೀಕ್ಷೆಯಿಂದ ಅಳೆಯಬಹುದಾದದ್ದು ತಿಳಿವಳಿಕೆಯನ್ನೇ ಹೊರತು ನಡತೆಯನ್ನಲ್ಲ, ಒಮ್ಮೆ ಪಟ್ಟಿಗೆ ಸೇರಿದ ಹೆಸರು ಆ ದಾದಿ ವರ್ಷಗಳ ಅನಂತರ ಹೇಗಿದ್ದಾಳೆಂಬುದನ್ನು ಹೇಳಲಾರದು ಎಂಬುದು ಅವರ ಆಕ್ಷೇಪಣೆಯ ತಿರುಳು. ಕೈಗುಣವನ್ನು ನಂಬುವ ನಮ್ಮ ಹಳ್ಳಿಯ ಹೆಂಗಸರಿಗೆ ಈ ಮಾತು ಅಪರಿಚಿತವೆನಿಸುತ್ತಿರಲಿಲ್ಲ. ಕೊನೆಗೆ 1919ರ ಡಿಸೆಂಬರ್‌ನಲ್ಲಿ ದಾದಿಯರ ನೋಂದಣಿ ಕಾಯ್ದೆ ಜಾರಿಗೆ ಬಂದು, ಆ ಪಟ್ಟಿಯ ಮೊದಲ ಹೆಸರು ಫೆನ್‌ವಿಕ್ ಅವರದೇ ಆಯಿತು.

ನಮ್ಮ ಚರ್ಚೆಗೆ ಇದಕ್ಕಿಂತಲೂ ಮುಖ್ಯವಾದುದು ಇಂಗ್ಲೆಂಡು ಮತ್ತು ವೇಲ್ಸ್‌ಗಳಿಗೆ ಅನ್ವಯವಾದ 1902ರ ಸೂಲಗಿತ್ತಿಯರ ಕಾಯ್ದೆ. ಅಲ್ಲಿಯೂ ಬಡವರ ಹೆರಿಗೆಗಳನ್ನು ಮಾಡಿಸುತ್ತಿದ್ದವರು ನೆರೆಹೊರೆಯ ಅನುಭವಿ ಹೆಂಗಸರೇ. ಅವರಲ್ಲಿ ಅನೇಕರಿಗೆ ಓದುಬರಹ ಬರುತ್ತಿರಲಿಲ್ಲ. ಆ ಕಾಯ್ದೆಯು ಕೇಂದ್ರ ಸೂಲಗಿತ್ತಿಯರ ಮಂಡಳಿಯೊಂದನ್ನು ರಚಿಸಿತು. ಪ್ರಮಾಣಪತ್ರವಿಲ್ಲದವರು 1905ರ ಏಪ್ರಿಲ್ 1ರಿಂದ ಸೂಲಗಿತ್ತಿ ಎಂಬ ಹೆಸರನ್ನು ಬಳಸುವುದನ್ನೂ, 1910ರ ಏಪ್ರಿಲ್ 1ರಿಂದ ವೈದ್ಯರ ನಿರ್ದೇಶನವಿಲ್ಲದೆ ರೂಢಿಯಾಗಿ ಹಾಗೂ ಸಂಪಾದನೆಗಾಗಿ ಹೆರಿಗೆ ಮಾಡಿಸುವುದನ್ನೂ ನಿಷೇಧಿಸಿತು. ಆದರೆ ಅದೇ ಕಾಯ್ದೆಯು ಕನಿಷ್ಠ ಒಂದು ವರ್ಷ ಪ್ರಾಮಾಣಿಕವಾಗಿ ಈ ವೃತ್ತಿಯಲ್ಲಿದ್ದು, ಒಳ್ಳೆಯ ನಡತೆಯವಳೆಂದು ದೃಢಪಟ್ಟ ಮಹಿಳೆಯರಿಗೆ ಪರೀಕ್ಷೆಯಿಲ್ಲದೆಯೇ ಪಟ್ಟಿಯಲ್ಲಿ ಹೆಸರು ಬರೆಸಲು ಎರಡು ವರ್ಷಗಳ ಕಾಲಾವಕಾಶ ನೀಡಿತು. 1905ರ ಹೊತ್ತಿಗೆ ಪಟ್ಟಿಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೀಗೆ ಅನುಭವದ ಬಾಗಿಲಿನಿಂದ ಒಳಬಂದವರೇ ಆಗಿದ್ದರು.

ಒಳಬಂದವರು ನಿಯಮಕ್ಕೆ ಒಳಪಟ್ಟರು. ಸ್ಥಳೀಯ ಆಡಳಿತದ ಇನ್ಸ್‌ಪೆಕ್ಟರುಗಳು ಅವರ ಮನೆಗೆ ಬಂದು ಚೀಲ, ಉಪಕರಣ, ದಾಖಲೆಗಳನ್ನು ಪರಿಶೀಲಿಸುತ್ತಿದ್ದರು. ಯಾವ ಸಂದರ್ಭಗಳಲ್ಲಿ ವೈದ್ಯರನ್ನು ಕರೆಯಲೇಬೇಕೆಂಬುದು ಗೊತ್ತುಪಡಿಸಲ್ಪಟ್ಟಿತು. ತಪ್ಪು ಮಾಡಿದರೆ ಹೆಸರು ತೆಗೆದುಹಾಕುವ ಅಧಿಕಾರ ಮಂಡಳಿಗಿತ್ತು. ಕರೆದ ವೈದ್ಯನಿಗೆ ಹಣ ಕೊಡುವವರು ಯಾರೆಂಬ ತೊಡಕನ್ನು 1918ರ ತಿದ್ದುಪಡಿ ಕಾಯ್ದೆಯು ಸ್ಥಳೀಯ ಆಡಳಿತದ ಮೇಲೆ ಹೊರಿಸಿ ಬಗೆಹರಿಸಿತು. ಹಳೆಯ ಸೂಲಗಿತ್ತಿಯರನ್ನು ಕೀಳಾಗಿ ಕಂಡ ವರ್ಗಭಾವನೆ ಆ ವ್ಯವಸ್ಥೆಯಲ್ಲಿ ಇರಲಿಲ್ಲವೆಂದಲ್ಲ. ಆದರೆ ಆ ಕಾಯ್ದೆ ಒಂದು ಸತ್ಯವನ್ನು ಒಪ್ಪಿಕೊಂಡಿತು: ನಿಜವಾಗಿ ಕೆಲಸ ಮಾಡುತ್ತಿರುವವಳ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಪಟ್ಟಿ ಯಾರನ್ನೂ ಕಾಪಾಡಲಾರದು.

5. ಕನ್ನಡ ನಾಡಿಗೆ ಬಂದ ಕಾಯ್ದೆ

ಭಾರತದಲ್ಲಿ ತರಬೇತಿ ಮೊದಲು ಬಂದಿತು, ಕಾಯ್ದೆ ಅನಂತರ ಬಂದಿತು. 1854ರಲ್ಲಿ ಮದರಾಸಿನಲ್ಲಿ ಸೂಲಗಿತ್ತಿಯರ ತರಬೇತಿಗೆ ಸರ್ಕಾರ ಮಂಜೂರಾತಿ ನೀಡಿತು. 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. 1903ರಲ್ಲಿ ಲೇಡಿ ಕರ್ಜನ್ ಅವರ ಆಸಕ್ತಿಯಿಂದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯು ದೇಶೀಯ ದಾಯಿಯರಿಗೆ ತರಬೇತಿ ನೀಡುವ ಉದ್ದೇಶದಿಂದ ರೂಪುಗೊಂಡಿತು. 1908ರಲ್ಲಿ ತರಬೇತಿ ಪಡೆದ ದಾದಿಯರ ಅಖಿಲ ಭಾರತ ಸಂಘ ಹುಟ್ಟಿತು. ಮೊದಲು ವೈದ್ಯರಿಗೆ, ಅನಂತರ ದಾದಿಯರಿಗೆ ಎಂಬುದು ನೋಂದಣಿಯ ಕ್ರಮವಾಗಿತ್ತು. ಮುಂಬಯಿಯಲ್ಲಿ 1912ರಲ್ಲಿ, ಮದರಾಸಿನಲ್ಲಿ 1914ರಲ್ಲಿ ವೈದ್ಯರ ನೋಂದಣಿ ಕಾಯ್ದೆಗಳು ಬಂದವು. ದಾದಿಯರಿಗೂ ಸೂಲಗಿತ್ತಿಯರಿಗೂ ಸಂಬಂಧಿಸಿದ ಕಾಯ್ದೆ ಮದರಾಸಿನಲ್ಲಿ 1926ರಲ್ಲಿ, ಮುಂಬಯಿಯಲ್ಲಿ 1935ರಲ್ಲಿ ಬಂದಿತು.

ಕನ್ನಡ ಪ್ರದೇಶವು ಆಗ ಹರಿದು ಹಂಚಿಹೋಗಿತ್ತು. ಆದ್ದರಿಂದ ಮಂಗಳೂರು ಮತ್ತು ಬಳ್ಳಾರಿಯ ದಾದಿಗೆ ಮದರಾಸಿನ ಕಾಯ್ದೆ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ದಾದಿಗೆ ಮುಂಬಯಿಯ ಕಾಯ್ದೆ ಅನ್ವಯವಾಗುತ್ತಿತ್ತು. ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ಈ ಪ್ರಾಂತ್ಯಗಳ ಕಾಯ್ದೆಗಳ ವ್ಯಾಪ್ತಿಗೆ ಸೇರಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ, 1935ರಲ್ಲಿ ಆರಂಭವಾದ ವಾಣಿ ವಿಲಾಸ ಆಸ್ಪತ್ರೆ ಮೊದಲಾದವು ನಗರಗಳಲ್ಲಿ ಹೆರಿಗೆಗೆ ಹೊಸ ನೆಲೆಗಳನ್ನು ಒದಗಿಸಿದವು. ಆದರೆ ಒಂದೇ ಭಾಷೆಯಾಡುವ, ಒಂದೇ ಬಗೆಯ ಸೂಲಗಿತ್ತಿಯರನ್ನು ನಂಬಿದ್ದ ಹಳ್ಳಿಗಳು ಬೇರೆ ಬೇರೆ ಕಾನೂನುಗಳ ನೆರಳಿನಲ್ಲಿದ್ದವು, ಮತ್ತು ಆ ಯಾವ ನೆರಳೂ ಹೆರಿಗೆಯ ಕೋಣೆಯನ್ನು ತಲುಪಿರಲಿಲ್ಲ.

ಪರಿಸ್ಥಿತಿಯ ಗಾತ್ರವನ್ನು 1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿ ಮುಂದಿಟ್ಟಿತು. ಅದರ ಪ್ರಕಾರ ಬ್ರಿಟಿಷ್ ಭಾರತದಲ್ಲಿ 43,000 ಜನರಿಗೆ ಒಬ್ಬ ದಾದಿ, 60,000 ಜನರಿಗೆ ಒಬ್ಬ ತರಬೇತಿ ಪಡೆದ ಸೂಲಗಿತ್ತಿ ಇದ್ದರು. ಪ್ರತಿವರ್ಷ ಸುಮಾರು ಎರಡು ಲಕ್ಷ ತಾಯಂದಿರು ಬಸಿರು ಬಾಣಂತನದ ಕಾರಣಗಳಿಂದ ಸಾಯುತ್ತಿದ್ದಾರೆಂದು ಸಮಿತಿ ಅಂದಾಜಿಸಿತು.

1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯು ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಶಿಕ್ಷಣಕ್ಕೆ ದೇಶದಾದ್ಯಂತ ಏಕರೂಪದ ಮಟ್ಟವನ್ನು ತರಲು ಉದ್ದೇಶಿಸಿತ್ತು. ಒಂದು ರಾಜ್ಯದ ವಿದ್ಯಾರ್ಹತೆಯನ್ನು ಇನ್ನೊಂದು ರಾಜ್ಯ ಮಾನ್ಯ ಮಾಡುವಂತೆ ಅದು ನೋಡಿಕೊಂಡಿತು. ಮಾನ್ಯತೆ ಪಡೆದ ಅರ್ಹತೆಯಿಲ್ಲದವರ ಹೆಸರನ್ನು ರಾಜ್ಯದ ಪಟ್ಟಿಗಳಲ್ಲಿ ಹೊಸದಾಗಿ ಸೇರಿಸುವ ದಾರಿ ಮುಚ್ಚಿತು. 1956ರ ಏಕೀಕರಣದ ಬಳಿಕ ಬೇರೆ ಬೇರೆ ಪ್ರದೇಶಗಳ ವ್ಯವಸ್ಥೆಗಳನ್ನು ಒಂದುಗೂಡಿಸುವ ಅಗತ್ಯದಿಂದ 1961ರ ಮೈಸೂರು ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ ರೂಪುಗೊಂಡಿತು. ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕ ಕಾಯ್ದೆಯಾಯಿತು.

ಈ ಕಾಯ್ದೆಗಳು ಇಂಗ್ಲೆಂಡಿನಿಂದ ಮಂಡಳಿ, ಪಟ್ಟಿ, ಪರೀಕ್ಷೆ, ಹೆಸರು ತೆಗೆಯುವ ಅಧಿಕಾರಗಳನ್ನೆಲ್ಲ ತಂದವು. ಆದರೆ 1902ರ ಅನುಭವದ ಬಾಗಿಲು ಇಲ್ಲಿ ಹಳ್ಳಿಯ ಸೂಲಗಿತ್ತಿಯ ಪಾಲಿಗೆ ತೆರೆದುಕೊಳ್ಳಲಿಲ್ಲ. ಅದಕ್ಕೆ ಕಾರಣಗಳಿಲ್ಲದಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬಳ ಮನೆಗೆ ಹೋಗಬಲ್ಲ ಇನ್ಸ್‌ಪೆಕ್ಟರುಗಳಿದ್ದರು, ಕರೆದರೆ ಬರುವ ವೈದ್ಯರಿದ್ದರು. ಇಲ್ಲಿ ಇವೆರಡೂ ಇರಲಿಲ್ಲ. ಮೇಲ್ವಿಚಾರಣೆಯಿಲ್ಲದೆ ಹೆಸರು ಬರೆದುಕೊಳ್ಳುವುದು ಅಪಾಯಕ್ಕೆ ಮುದ್ರೆ ಒತ್ತಿದಂತಾಗುತ್ತಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಜಾತಿಯ ಕಾರಣದಿಂದ ಆಕೆ ಅದಾಗಲೇ ಶಾನುಭೋಗನ ಕಡತದ ಹೊರಗಿದ್ದಳು ಎಂಬುದನ್ನು ಮರೆಯಬಾರದು. ಕಾಯ್ದೆ ಕನ್ನಡದ ಮಾತಿನಲ್ಲಿ ಆಕೆಯ ಹೆಸರನ್ನು ತೆಗೆದುಕೊಂಡು ಬೇರೊಬ್ಬಳಿಗೆ ಕೊಟ್ಟಿತು. ಪ್ರಮಾಣಪತ್ರವುಳ್ಳವಳು ಸೂಲಗಿತ್ತಿಯಾದಳು. ನಿಜವಾದ ಸೂಲಗಿತ್ತಿ ಸರ್ಕಾರದ ಕಡತಗಳಲ್ಲಿ ‘ದಾಯಿ’ ಎಂಬ ಹೊರಗಿನ ಹೆಸರಿನಿಂದ ಉಳಿದಳು.

6. ಹೊಣೆಯಿದೆ, ಹಕ್ಕಿಲ್ಲ

ಕಾನೂನು ಆಕೆಯನ್ನು ಪೂರ್ತಿಯಾಗಿ ಮರೆತಿತೆಂದೂ ಹೇಳಲಾಗದು. 1969ರ ಜನನ ಮರಣ ನೋಂದಣಿ ಕಾಯ್ದೆಯ 10ನೆಯ ಪ್ರಕರಣವು ಹೆರಿಗೆಯ ಸಮಯದಲ್ಲಿ ಹಾಜರಿದ್ದ ಸೂಲಗಿತ್ತಿ ಅಥವಾ ಇತರ ಆರೋಗ್ಯ ಸಹಾಯಕರು ಜನನವನ್ನು ತಿಳಿಸಬೇಕೆಂದು ವಿಧಿಸುತ್ತದೆ. ಮಗುವಿನ ಹೆಸರು ಸರ್ಕಾರದ ಪುಸ್ತಕವನ್ನು ಸೇರುವಂತೆ ನೋಡಿಕೊಳ್ಳಬೇಕಾದವಳ ಹೆಸರು ಯಾವ ಪುಸ್ತಕದಲ್ಲಿಯೂ ಇರಬೇಕಾಗಿರಲಿಲ್ಲ!

1951ರ ಬಳಿಕ ಆರಂಭವಾದ ಸಹಾಯಕ ಶುಶ್ರೂಷಕಿ-ಸೂಲಗಿತ್ತಿಯರ ತರಬೇತಿಯು ಈ ಅಂತರವನ್ನು ತುಂಬಬೇಕಾಗಿತ್ತು. ಎರಡು ವರ್ಷಗಳ ಆ ತರಬೇತಿಯಲ್ಲಿ ಹೆರಿಗೆಗೆ ಪ್ರಾಧಾನ್ಯವಿತ್ತು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ ಆಕೆ ವಿವಿಧೋದ್ದೇಶ ಕಾರ್ಯಕರ್ತೆಯಾದಳು. ತರಬೇತಿಯ ಅವಧಿ ಒಂದೂವರೆ ವರ್ಷಕ್ಕೆ ಇಳಿಯಿತು. ಕುಟುಂಬ ಯೋಜನೆಯ ಗುರಿಗಳು, ಲಸಿಕೆ, ವರದಿ ಇವೆಲ್ಲ ಆಕೆಯ ದಿನವನ್ನು ತುಂಬಿದವು. ಹೀಗಾಗಿ ಪಟ್ಟಿಯಲ್ಲಿ ಹೆಸರಿದ್ದವಳು ಹೆರಿಗೆಯಿಂದ ದೂರವಾದಳು, ಹೆರಿಗೆಗೆ ಹತ್ತಿರವಿದ್ದವಳು ಪಟ್ಟಿಯಿಂದ ದೂರವೇ ಉಳಿದಳು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ, ಅಂದರೆ 1992–93ರಲ್ಲಿ, ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಶೇ. 38 ಮಾತ್ರ ಆಸ್ಪತ್ರೆಗಳಲ್ಲಿ ಆಗಿದ್ದವು. ರಾಜ್ಯದ ನೋಂದಣಿ ಕಾಯ್ದೆಗೆ ಆಗ ಮೂವತ್ತು ವರ್ಷ ದಾಟಿತ್ತು. ಉಳಿದ ಹೆರಿಗೆಗಳಲ್ಲಿ ಬಹುಪಾಲು ಕಾಯ್ದೆಯ ಕಣ್ಣಿನ ಆಚೆ ನಡೆಯುತ್ತಿದ್ದವು.

ಈ ಅವಧಿಯಲ್ಲಿ ಸರ್ಕಾರವು ಮಧ್ಯಮಾರ್ಗವೊಂದನ್ನು ಹಿಡಿಯಿತು. 1977ರ ಗ್ರಾಮೀಣ ಆರೋಗ್ಯ ಯೋಜನೆಯಡಿ ದೇಶದಾದ್ಯಂತ ದಾಯಿಯರಿಗೆ ಕೆಲವು ವಾರಗಳ ತರಬೇತಿ, ಹೊಸ ಬ್ಲೇಡು, ದಾರ, ಸಾಬೂನುಗಳಿರುವ ಪೆಟ್ಟಿಗೆಗಳನ್ನು ನೀಡಲಾಯಿತು. ಶುಚಿಯಾದ ಕೈ, ಶುಚಿಯಾದ ಜಾಗ, ಶುಚಿಯಾದ ಅಲಗು, ಶುಚಿಯಾದ ದಾರ, ಶುಚಿಯಾದ ಹೊಕ್ಕುಳು ಎಂಬ ಐದು ಶುಚಿಗಳ ಪಾಠ ಇದರ ತಿರುಳು. ಬಸುರಿಯರಿಗೆ ನೀಡಿದ ಧನುರ್ವಾಯು ಲಸಿಕೆ, ಆಸ್ಪತ್ರೆಯ ಹೆರಿಗೆ ಇವುಗಳೊಂದಿಗೆ ಈ ಪಾಠವೂ ಸೇರಿ ಬಾಲಗ್ರಹದ ಸಾವುಗಳು ಇಳಿಯುತ್ತ ಬಂದವು. 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಆದರೆ ತರಬೇತಿ ಪಡೆದ ದಾಯಿಯೂ ನೋಂದಾಯಿತಳಾಗಲಿಲ್ಲ. ಪೆಟ್ಟಿಗೆ ದೊರೆಯಿತು, ಸ್ಥಾನಮಾನ ದೊರೆಯಲಿಲ್ಲ. ತಪ್ಪು ಮಾಡಿದರೆ ತೆಗೆದುಹಾಕಲು ಆಕೆಯ ಹೆಸರೇ ಎಲ್ಲಿಯೂ ಇರಲಿಲ್ಲ. ಹೆಸರಿಲ್ಲದ ಕಡೆ ದೂರು ಕೊಡುವ ದಾರಿಯೂ ಇಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮಗುವನ್ನು ಕಳೆದುಕೊಂಡ ತಾಯಿಗೂ, ಸುಳ್ಳು ಆಪಾದನೆಗೆ ಗುರಿಯಾದ ಸೂಲಗಿತ್ತಿಗೂ ನ್ಯಾಯದ ಕಟ್ಟೆಯೊಂದು ಇಲ್ಲದಂತಾಯಿತು.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. 2007ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರಿಗಾಗಿ ‘ಮಡಿಲು’ ಯೋಜನೆಯನ್ನು ಆರಂಭಿಸಿತು. ಮಡಿಲು ತುಂಬುವ ಜನಪದ ಆಚರಣೆಯನ್ನು ನೆನಪಿಸುವ ಹೆಸರದು. ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 2005–06ರಲ್ಲಿ ಸುಮಾರು ಶೇ. 65ಕ್ಕೂ, 2015–16ರಲ್ಲಿ ಶೇ. 94ಕ್ಕೂ, 2019–20ರಲ್ಲಿ ಶೇ. 97ಕ್ಕೂ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ಈ ಇಳಿಕೆಗೆ ರಸ್ತೆ, ವಾಹನ, ರಕ್ತನಿಧಿ, ಆಹಾರ, ವಿದ್ಯಾಭ್ಯಾಸ ಹೀಗೆ ಕಾರಣಗಳು ಹಲವು. ಆದರೂ ಬದುಕುಳಿದ ತಾಯಂದಿರನ್ನು ಮರೆತು ಸೂಲಗಿತ್ತಿಯ ಕಣ್ಮರೆಗೆ ಮಾತ್ರ ಮರುಗುವುದು ನ್ಯಾಯವಲ್ಲ.

7. ಜಾನಪದ ಅಧ್ಯಯನದ ಹೊಣೆ

ಇಲ್ಲಿ ನಮ್ಮ ಶಾಸ್ತ್ರದ ಕಡೆಗೂ ಕೈತೋರಬೇಕಾಗಿದೆ. ಕಳೆದ ಐದಾರು ದಶಕಗಳಲ್ಲಿ ಕನ್ನಡ ಜಾನಪದ ವಿದ್ವಾಂಸರು ಬಸುರಿ ಬಯಕೆಯ ಹಾಡು, ಜೋಗುಳ, ತೊಟ್ಟಿಲ ಹಾಡು, ಸೋಬಾನೆಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದ್ದಾರೆ. ಬಾಣಂತಿಯ ಪಥ್ಯ, ಔಷಧಿಯ ಬೇರು ನಾರುಗಳ ಪಟ್ಟಿಗಳೂ ಬಂದಿವೆ. ಸೂಲಗಿತ್ತಿಯರನ್ನು ಕುರಿತ ಬರಹಗಳು ಬಹುಮಟ್ಟಿಗೆ ಸ್ತುತಿಗಳಾಗಿವೆ.

ಈ ಲೇಖಕನೂ ಇದಕ್ಕೆ ಹೊರತಲ್ಲ. ಕ್ಷೇತ್ರಕಾರ್ಯದ ದಿನಗಳಲ್ಲಿ ಸೂಲಗಿತ್ತಿಯರಿಗಾಗಿ ಸಿದ್ಧಪಡಿಸಿಕೊಂಡಿದ್ದ ಪ್ರಶ್ನಾವಳಿಯಲ್ಲಿ ಎಷ್ಟು ಹೆರಿಗೆ, ಯಾವ ಬೇರು, ಯಾವ ಹಾಡು, ಯಾರಿಂದ ಕಲಿತದ್ದು ಎಂಬ ಪ್ರಶ್ನೆಗಳಿದ್ದವು. ಉಳಿಯದ ಮಕ್ಕಳೆಷ್ಟು, ಆಗ ಊರವರು ಏನೆಂದರು, ಮುಂದಿನ ಸಲ ಕರೆದರೇ ಎಂಬ ಪ್ರಶ್ನೆಗಳಿರಲಿಲ್ಲ. ಅಂತಹ ಪ್ರಶ್ನೆ ಅಗೌರವವಾದೀತು ಎಂಬ ಅಳುಕು ಅದಕ್ಕೆ ಕಾರಣವೆಂದು ಆಗ ತೋರಿತ್ತು. ಈಗ ಯೋಚಿಸಿದರೆ, ತನ್ನ ಕೆಲಸಕ್ಕೆ ಉತ್ತರ ಹೇಳಬಲ್ಲ ಕಸುಬುದಾರಳೆಂದು ಆಕೆಯನ್ನು ಕಾಣದಿದ್ದುದೇ ನಿಜವಾದ ಅಗೌರವ. ವೈದ್ಯರನ್ನು ನಾವು ಹೀಗೆ ಬಿಟ್ಟುಬಿಡುವುದಿಲ್ಲ. ಕಾಯ್ದೆ ಆಕೆಯನ್ನು ಪಟ್ಟಿಯ ಕೆಳಗೆ ಬಿಟ್ಟಿತು, ನಾವು ಪಟ್ಟಿಯ ಮೇಲೆ ಕೂರಿಸಿದೆವು. ಎರಡೂ ಕಡೆ ಆಕೆ ಪಟ್ಟಿಯ ಹೊರಗೇ ಉಳಿದಳು.

ಹಿರಿಯ ಸೂಲಗಿತ್ತಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿರುವ ಈ ಹೊತ್ತಿನಲ್ಲಿ ಮೌಖಿಕ ನೋಂದಣಿಯ ಚರಿತ್ರೆಯನ್ನು ದಾಖಲಿಸುವುದು ತುರ್ತಿನ ಕೆಲಸ. ಆಕೆಯನ್ನು ಆರಿಸುತ್ತಿದ್ದವರು ಯಾರು, ಕಲಿಸುವ ಕ್ರಮವೇನು, ಯಾವ ಹೆರಿಗೆ ತನ್ನಿಂದಾಗದೆಂದು ಆಕೆ ಹೇಗೆ ನಿರ್ಧರಿಸುತ್ತಿದ್ದಳು, ಒಮ್ಮೆ ತಪ್ಪಿದವಳನ್ನು ಊರು ಹೇಗೆ ನಡೆಸಿಕೊಳ್ಳುತ್ತಿತ್ತು ಎಂಬುದನ್ನು ಸೂಲಗಿತ್ತಿಯರಿಂದ ಮಾತ್ರವಲ್ಲದೆ ಹೆತ್ತ ಹೆಂಗಸರಿಂದಲೂ ಕೇಳಿ ಬರೆದುಕೊಳ್ಳಬೇಕು.

8. ಉಪಸಂಹಾರ

ಈ ಚರ್ಚೆಗೆ ಇಂದಿನ ಪ್ರಸ್ತುತತೆಯೂ ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿ, ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ನಿರ್ವಹಿಸಬಲ್ಲ ವಿಶೇಷ ತರಬೇತಿಯ ದಾದಿಯರ ಹೊಸ ವರ್ಗವೊಂದನ್ನು ಕಲ್ಪಿಸಿತು. 2023ರಲ್ಲಿ ಸಂಸತ್ತು 1947ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ವೃತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಆಯೋಗದ ಹೆಸರಿನಲ್ಲಿಯೇ ಸೂಲಗಿತ್ತಿಯ ವೃತ್ತಿಗೆ ದಾದಿಯ ವೃತ್ತಿಯ ಪಕ್ಕದಲ್ಲಿ ಸ್ಥಾನ ದೊರೆತಿರುವುದು ಗಮನಾರ್ಹ.

ನೋಂದಣಿ ಎಂಬುದು ಕೇವಲ ಪ್ರಮಾಣಪತ್ರವಲ್ಲ. ಯಾರು ಈ ಕೆಲಸ ಮಾಡುತ್ತಿದ್ದಾರೆ, ಅವರಿಗೆ ಏನು ಗೊತ್ತಿದೆ, ತಪ್ಪಾದರೆ ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಸಾರ್ವಜನಿಕವಾಗಿ ಉತ್ತರ ಕೊಡುವ ಏರ್ಪಾಡು ಅದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಮೊದಲ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿತ್ತು, ಎರಡನೆಯದಕ್ಕೆ ಅರ್ಧ ಉತ್ತರವಿತ್ತು, ಮೂರನೆಯದಕ್ಕೆ ಉತ್ತರವಿರಲಿಲ್ಲ. ಕಾಯ್ದೆಯು ಮೂರಕ್ಕೂ ಉತ್ತರ ಬರೆಯಿತು. ಆದರೆ ಬಹುಕಾಲ ಆ ಉತ್ತರ ಹೆರಿಗೆ ನಡೆಯುತ್ತಿದ್ದ ಮನೆಗಳಿಗೆ ಸಂಬಂಧಿಸಿದ್ದಾಗಿರಲಿಲ್ಲ. ಕಾಯ್ದೆ ಬಂದುದರಿಂದ ಹಳ್ಳಿಯ ತಾಯಿಗೆ ಕೇಡಾಗಲಿಲ್ಲ. ಕಾಯ್ದೆ ತನ್ನ ಮನೆಬಾಗಿಲಿಗೆ ಬಾರದೆ ಉಳಿದುದರಿಂದ ಆಕೆಗೆ ಕೇಡಾಯಿತು. ಪ್ರಶಸ್ತಿಯೊಂದು ಪಾವಗಡದ ಹಳ್ಳಿಯನ್ನು ತಲುಪಿದ 2018ಕ್ಕಿಂತ ಅರ್ಧ ಶತಮಾನದ ಮೊದಲೇ ಒಂದು ಪಟ್ಟಿ, ಒಬ್ಬ ಮೇಲ್ವಿಚಾರಕಿ, ಕರೆದರೆ ಬರುವ ಒಬ್ಬ ವೈದ್ಯರು ಅಲ್ಲಿಗೆ ತಲುಪಿದ್ದರೆ ಸೂಲಗಿತ್ತಿಯ ವಿದ್ಯೆಯೂ ಉಳಿಯುತ್ತಿತ್ತು, ಆರನೆಯ ರಾತ್ರಿಯನ್ನು ದಾಟುವ ಮಕ್ಕಳೂ ಹೆಚ್ಚುತ್ತಿದ್ದರು.